ಹತ್ತಿರದ ಸುದ್ದಿ

ಋತುಗಳಲ್ಲಿ ಶರತ್ತಿಗೆ ನಮ್ಮ ಕವಿಗಳು ಕೊಟ್ಟಿರುವ ಮನ್ನಣೆ ಸಾಮಾನ್ಯವಾದುದಲ್ಲ. ಮುಗಿಲು ತೊಳೆದಿಟ್ಟಂತೆ ನಿರ್ಮಲವಾಗುವುದು, ಹೊಳೆಯ ರಾಡಿ ಇಳಿದು ನೀರು ತಿಳಿಯಾಗುವುದು, ಕೊಳಗಳಲ್ಲಿ ಕಮಲ ಅರಳುವುದು, ಹಂಸಗಳು ಮರಳುವುದು, ಬೆಳುದಿಂಗಳು ಹಾಲಿನಂತೆ ಸುರಿಯುವುದು – ಇವು ಶರದ್ವರ್ಣನೆಯ ನಿತ್ಯದ ಸಾಮಗ್ರಿಗಳು. ಶಿಕ್ಷಕರ ತರಬೇತಿಯ ದಿನಗಳಲ್ಲಿ ಇವನ್ನೆಲ್ಲ ಕ್ರಮವಾಗಿ ಜೋಡಿಸಿ ನಾನೂ ಒಂದು ನಿಬಂಧವನ್ನು ಬರೆದು ಒಳ್ಳೆಯ ಗುಣಗಳನ್ನು ಪಡೆದುದುಂಟು. ಆದರೆ ಜತ್ತ ತಾಲೂಕಿನ ಮೂಡಣ ಅಂಚಿನಲ್ಲಿರುವ ನಮ್ಮ ಹಳ್ಳಿಯ ಬಯಲಿನಲ್ಲಿ ನಿಂತು ನೋಡುವವನಿಗೆ ಕಮಲವೂ ಕಾಣದು, ಹಂಸವೂ ಕಾಣದು. ಕಾಣುವುದು ಹರಗಿ ಹದಮಾಡಿದ ಕರಿಯ ಎರೆಭೂಮಿ. ಅದರ ಮೇಲೆ ಕೂರಿಗೆಯನ್ನು ಹೂಡಲು ಮುಗಿಲನ್ನು ನೋಡುತ್ತ ಕುಳಿತ ಒಕ್ಕಲಿಗ. ಉಳಿದ ನಾಡಿಗೆ ಮಳೆ ಮುಗಿದ ಮೇಲೆ ಬರುವ ಋತು ಶರತ್ತು. ನಮಗೆ ಅದು ಮಳೆ ಮೊದಲಾಗಬೇಕಾದ ಋತು.

ಇದಕ್ಕೆ ಕಾರಣವನ್ನು ಭೂಗೋಳದ ಪಾಠದಲ್ಲಿ ನಾವು ಪ್ರತಿವರ್ಷವೂ ಹೇಳುತ್ತೇವೆ. ಪಡುವಣ ಕಡಲಿನಿಂದ ನೀರು ಹೊತ್ತು ಬರುವ ಮುಂಗಾರಿನ ಗಾಳಿ ಸಹ್ಯಾದ್ರಿಯನ್ನೇರುವಾಗಲೇ ತನ್ನ ಭಾರವನ್ನು ಇಳಿಸಿಬಿಡುತ್ತದೆ. ನಮ್ಮ ರಾಜ್ಯದ್ದೇ ಆದ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5000 ಮಿಲಿಮೀಟರಿಗೂ ಮೇಲೆ ಮಳೆ ಬೀಳುತ್ತದೆ. ಜತ್ತದ ಪಾಲಿಗೆ ಬರುವುದು ಅದರ ಹತ್ತನೆಯ ಒಂದಂಶದ ಆಸುಪಾಸು. ಹೀಗೆ ಬೆಟ್ಟದ ಮರೆಯಲ್ಲಿ ಕುಳಿತ ನಮಗೆ ಮುಂಗಾರು ಹಿಂದಿರುಗುವ ಹೊತ್ತಿನಲ್ಲಿ ತಿರುಗಿದ ಗಾಳಿಯೇ ಆಸರೆ. ದೇಶದ ಹವಾಮಾನ ಇಲಾಖೆಯವರು 2020ರಲ್ಲಿ ಪರಿಷ್ಕರಿಸಿದ ಲೆಕ್ಕದಂತೆ ಮುಂಗಾರು ರಾಜಸ್ಥಾನದ ವಾಯವ್ಯ ತುದಿಯಿಂದ ಕಾಲ್ತೆಗೆಯುವ ವಾಡಿಕೆಯ ದಿನ ಸೆಪ್ಟೆಂಬರ್ 17. ಮೊದಲು ಅದನ್ನು ಸೆಪ್ಟೆಂಬರ್ 1 ಎಂದು ಎಣಿಸುತ್ತಿದ್ದರು. ಅಕ್ಟೋಬರ್ 15ರ ವೇಳೆಗೆ ಅದು ದೇಶವನ್ನೇ ಬಿಡುತ್ತದೆ. ಆ ಸಂಧಿಕಾಲದಲ್ಲಿ ಮೂಡಣ ದಿಕ್ಕಿನಿಂದ, ಬಂಗಾಲದ ಕೊಲ್ಲಿಯ ಕಡೆಯಿಂದ, ಮಧ್ಯಾಹ್ನದ ಮೇಲೆ ಗುಡುಗು ಮಿಂಚುಗಳೊಡನೆ ಬರುವ ಮಳೆಯೇ ನಮ್ಮ ಹಿಂಗಾರು.

ನಮ್ಮ ಹಿರಿಯರು ಈ ಲೆಕ್ಕವನ್ನು ಇಲಾಖೆಯಿಂದ ಕಲಿತವರಲ್ಲ. ಸೂರ್ಯನು ವರ್ಷದಲ್ಲಿ 27 ನಕ್ಷತ್ರಗಳನ್ನು ದಾಟುತ್ತಾನೆ; ಒಂದೊಂದು ನಕ್ಷತ್ರದ ಪಾಲಿಗೆ ಹದಿಮೂರೂವರೆ ದಿನ. ಭಾಗಾಕಾರವನ್ನು ಕಲಿಸುವಾಗ ನಾನು ಮಕ್ಕಳಿಗೆ ಈ ಲೆಕ್ಕವನ್ನೇ ಕೊಡುತ್ತೇನೆ. ಸೆಪ್ಟೆಂಬರ್ ನಡುವಿಗೆ ಉತ್ತರೆ, ಆ ತಿಂಗಳ ಕೊನೆಗೆ ಹಸ್ತ, ಅಕ್ಟೋಬರ್ ಎರಡನೆಯ ವಾರಕ್ಕೆ ಚಿತ್ತೆ, ಕೊನೆಯ ವಾರಕ್ಕೆ ಸ್ವಾತಿ. ಉತ್ತರೆಯಲ್ಲಿ ನೆಲ ನೆನೆದರೆ ಬಿಳಿಜೋಳದ ಬಿತ್ತನೆಗೆ ಹದ. ಹಸ್ತದಲ್ಲಿ ಬಂದರೆ ಬಿತ್ತಿದ್ದಕ್ಕೆ ಬಲ. ಚಿತ್ತೆಯಲ್ಲಿಯೂ ಬಾರದಿದ್ದರೆ ಎತ್ತುಗಳ ಮೇವಿನ ಚಿಂತೆ. ಜೋಳ ಆಮೇಲೆ ಮಳೆಯನ್ನು ಹೆಚ್ಚು ಬೇಡುವುದಿಲ್ಲ. ಎರೆಯ ಹೊಟ್ಟೆಯಲ್ಲಿ ಅಡಗಿದ ಹಸಿಯನ್ನೂ ಬೆಳಗಿನ ಇಬ್ಬನಿಯನ್ನೂ ನಂಬಿಕೊಂಡು ಸುಗ್ಗಿಯವರೆಗೆ ನಿಲ್ಲುತ್ತದೆ. ಅಲ್ಪತೃಪ್ತಿಯನ್ನು ಕುರಿತು ನೀತಿಪಾಠ ಹೇಳಬೇಕಾದಾಗ ನಾನು ಯಾವ ಮಹಾಪುರುಷನ ಉದಾಹರಣೆಯನ್ನೂ ಹುಡುಕದೆ ಕಿಟಕಿಯಾಚೆಯ ಮಾಲದಂಡಿ ಜೋಳವನ್ನು ತೋರಿಸುತ್ತೇನೆ.

ಆದರೆ ಇತ್ತೀಚಿನ ವರ್ಷಗಳಲ್ಲಿ ಈ ಹಳೆಯ ಲೆಕ್ಕಕ್ಕೂ ಮುಗಿಲಿಗೂ ಹೊಂದಾಣಿಕೆ ತಪ್ಪುತ್ತಿರುವುದನ್ನು ಹಿರಿಯರೇ ಒಪ್ಪುತ್ತಾರೆ. 2020ರ ಅಕ್ಟೋಬರ್ 13ರಂದು ಆಂಧ್ರದ ಕಾಕಿನಾಡದ ಬಳಿ ದಡವನ್ನು ಮುಟ್ಟಿದ ವಾಯುಭಾರ ಕುಸಿತವು ತೆಲಂಗಾಣವನ್ನು ಮುಳುಗಿಸಿ, ಕಲಬುರಗಿಯನ್ನು ದಾಟಿ, ಮರುದಿನ ಸೋಲಾಪುರ ಸಾಂಗಲಿಗಳ ಮೇಲೆ ಬಂದು ಸುರಿಯಿತು. ಭೀಮಾನದಿ ಉಕ್ಕಿತು, ಕೊಯ್ದಿಟ್ಟ ಬೆಳೆ ತೇಲಿತು, ನೀರಿಗಾಗಿ ಹಂಬಲಿಸುವ ನಾಡು ನೀರನ್ನು ಶಪಿಸಿತು. ಅದಕ್ಕೆ ಪ್ರತಿಯಾಗಿ 2023ರ ಆಗಸ್ಟ್ ತಿಂಗಳು ದೇಶದಲ್ಲಿ 1901ರಿಂದೀಚೆಗಿನ ಆಗಸ್ಟ್‌ಗಳಲ್ಲೆಲ್ಲ ಅತ್ಯಂತ ಒಣ ತಿಂಗಳೆಂದು ದಾಖಲಾಯಿತು. ಪತ್ರಿಕೆಯಲ್ಲಿ ಈ ಅಂಕಿ ಬಂದುದು ತಿಂಗಳು ಮುಗಿದ ಮೇಲೆ. ನಮ್ಮ ಶಾಲೆಯ ಮುಂದಿನ ಹೊಲದ ಬಿರುಕು ಅದಕ್ಕೂ ಮೊದಲೇ ಆ ಮಾತನ್ನು ಹೇಳಿತ್ತು. ಇದನ್ನು ಕಂಡ ಮೇಲೆಯೇ ನನಗೆ ಸುದ್ದಿಯೆಂಬುದನ್ನು ಕುರಿತು ಬೇರೊಂದು ರೀತಿಯಲ್ಲಿ ಯೋಚಿಸಬೇಕೆನ್ನಿಸಿತು.

ನಮ್ಮ ರಾಜ್ಯದ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಯ ಕಾರ್ಯಕ್ರಮಕ್ಕೆ ಪರಿಪಾಠವೆಂದು ಹೆಸರು. ರಾಷ್ಟ್ರಗೀತ, ಪ್ರತಿಜ್ಞೆ, ಸುವಿಚಾರ, ದಿನವಿಶೇಷ ಇವುಗಳ ಜೊತೆಗೆ ಒಬ್ಬ ವಿದ್ಯಾರ್ಥಿ ಅಂದಿನ ವಾರ್ತೆಗಳನ್ನು ಓದಬೇಕೆಂಬುದು ಪದ್ಧತಿ. ನಮ್ಮಲ್ಲಿಗೆ ಕನ್ನಡ ಪತ್ರಿಕೆ ವಿಜಯಪುರದ ಕಡೆಯಿಂದ ಬಸ್ಸಿನಲ್ಲಿ ಬರುತ್ತದೆ. ಬಸ್ಸು ಬಾರದ ದಿನ ಬರುವುದಿಲ್ಲ. ಮರಾಠಿ ಪತ್ರಿಕೆಯೊಂದು ಗ್ರಾಮಪಂಚಾಯತಿಗೆ ಬರುತ್ತದೆ. ಮಕ್ಕಳು ಇವೆರಡರಿಂದ ಆಯ್ದು ಓದುವ ವಾರ್ತೆಗಳು ದಿಲ್ಲಿಯವು, ಮುಂಬಯಿಯವು, ಬೆಂಗಳೂರಿನವು, ಕಡಲಾಚೆಯ ಯುದ್ಧಗಳವು. ಓದುವವನು ಕಂಠಶುದ್ಧಿಯಿಂದ ಓದುತ್ತಾನೆ, ಕೇಳುವವರು ಕೈಕಟ್ಟಿ ಕೇಳುತ್ತಾರೆ. ಕೇಳಿದ್ದು ಅಂಗಳದ ಬೇವಿನ ಮರವನ್ನು ದಾಟುವುದರೊಳಗೆ ಮರೆತುಹೋಗುತ್ತದೆ.

ಒಂದು ಶರತ್ತಿನ ಬೆಳಗ್ಗೆ ಹೀಗೆ ವಾರ್ತೆಗಳ ಓದು ಮುಗಿದಾಗ ಐದನೆಯ ಇಯತ್ತೆಯ ಹುಡುಗನೊಬ್ಬನು ಕೈಯೆತ್ತಿ, "ಗುರೂಜಿ, ನಮ್ಮ ಗ್ವಾಂಜ್ವಾಳದ ಸುಳ್ಯಾಗ ಹುಳ ಹೊಕ್ಕಾವ್ರಿ. ಎಲಿ ಎಲ್ಲಾ ಜರಡಿ ಆಗ್ಯಾವ್ರಿ" ಎಂದನು. ಮಕ್ಕಳ ಸಾಲು ಒಮ್ಮೆಲೇ ಎಚ್ಚತ್ತಿತು. "ನಮ್ಮ ಹೊಲದಾಗೂ ಅದಾವ್ರಿ", "ನಮ್ಮ ಮಾಮಾನ ಹೊಲದಾಗ ಇಲ್ರಿ" ಎಂದು ಹತ್ತು ಬಾಯಿಗಳು ಒಟ್ಟಿಗೆ ತೆರೆದವು. ಮರುದಿನವೇ ಶಾಲೆಯ ಹೊರಗೋಡೆಗೆ, ದಾರಿಯಲ್ಲಿ ಹೋಗುವವರಿಗೂ ಕಾಣುವಂತೆ, ಕರಿಬಣ್ಣ ಬಳಿದು ಒಂದು ಹಲಗೆಯನ್ನು ಮಾಡಿದೆವು. ಅದರ ನಡುವೆ ಗೆರೆ ಎಳೆದು ಎಡಕ್ಕೆ "ದೂರದ ಸುದ್ದಿ" ಎಂದೂ ಬಲಕ್ಕೆ "ಹತ್ತಿರದ ಸುದ್ದಿ" ಎಂದೂ ಬರೆದೆವು. ದೂರದ ಸುದ್ದಿಗೆ ಪತ್ರಿಕೆ ಆಧಾರ. ಹತ್ತಿರದ ಸುದ್ದಿಗೆ ಕಣ್ಣು ಕಿವಿಗಳೇ ಆಧಾರ. ಕಂಡವರು ಯಾರು, ಎಲ್ಲಿ ಕಂಡರು, ಯಾವ ದಿನ ಕಂಡರು ಎಂಬುದಿಲ್ಲದೆ ಯಾವ ಹತ್ತಿರದ ಸುದ್ದಿಯನ್ನೂ ಬರೆಯಕೂಡದೆಂಬುದೊಂದೇ ನಿಯಮ.

ಈ ನಿಯಮದಿಂದ ಉಂಟಾದ ಪ್ರಯೋಜನ ನಾನೆಣಿಸಿದುದಕ್ಕಿಂತ ಹೆಚ್ಚಿನದು. "ಬಹಳ ಹುಳ" ಎಂದು ಬರೆಯುತ್ತಿದ್ದ ಹುಡುಗಿ "ಹತ್ತು ಗಿಡದಲ್ಲಿ ನಾಲ್ಕರಲ್ಲಿ ಹುಳ" ಎಂದು ಬರೆಯಲು ಕಲಿತಳು. "ಮಳೆ ಬಂತು" ಎಂಬುದು "ಮೂಡಲ ದಿಕ್ಕಿನಿಂದ ಬಂತು, ತಾಸೊಪ್ಪತ್ತು ಬಂತು, ಹಳ್ಳ ಹರಿಯಲಿಲ್ಲ" ಎಂದಾಯಿತು. ಬರವಣಿಗೆಯ ಪಾಠವನ್ನು ನಾನು ಬೇರೆಯಾಗಿ ಹೇಳಬೇಕಾಗಲಿಲ್ಲ. ಇನ್ನೊಂದು ವಿಚಿತ್ರವನ್ನೂ ಕಂಡೆ. ಕೆಲವು ದಿನ ಕಳೆಯುವುದರೊಳಗಾಗಿ ಗೆರೆಯ ಎಡಬಲಗಳು ಒಂದರೊಳಗೊಂದು ಸೇರತೊಡಗಿದವು. ಹತ್ತಿರದ್ದೆಂದುಕೊಂಡುದು ಬಹು ದೂರದ್ದಾಗಿಯೂ, ದೂರದ್ದೆಂದುಕೊಂಡುದು ನಮ್ಮ ಬದುವಿನ ಮೇಲಿನದಾಗಿಯೂ ಕಾಣಿಸಿತು.

ಮೊದಲನೆಯದಕ್ಕೆ ಉದಾಹರಣೆ ಕೊಡತಿ ಹುಳು. ಹಸ್ತದ ಮಳೆ ಬಿಡುವು ಕೊಟ್ಟ ಸಂಜೆಗಳಲ್ಲಿ ಬಯಲಿನ ಮೇಲೆ ಹೊಂಬಣ್ಣದ ನೂರಾರು ಕೊಡತಿ ಹುಳುಗಳು ಕೂರದೆ ನಿಲ್ಲದೆ ಹಾರಾಡುವುದನ್ನು ನೀವೆಲ್ಲರೂ ಕಂಡಿರುತ್ತೀರಿ. ಮಕ್ಕಳು ಅದಕ್ಕೆ ಇಟ್ಟಿರುವ ಹೆಸರು ವಿಮಾನದ ಹುಳ. ಎರಡಂಗುಲದ ಈ ಹುಳುವಿಗೆ ಆ ಹೆಸರು ಒಪ್ಪುವುದೆಂಬುದಕ್ಕೆ ವಿಜ್ಞಾನದ ಸಾಕ್ಷ್ಯವೂ ಇದೆ. ಮಾಲ್ದೀವ್ಸ್ ದ್ವೀಪಗಳಲ್ಲಿದ್ದ ಚಾರ್ಲ್ಸ್ ಆಂಡರ್ಸನ್ ಎಂಬ ಜೀವಶಾಸ್ತ್ರಜ್ಞರು ಪ್ರತಿವರ್ಷ ಅಕ್ಟೋಬರಿನಲ್ಲಿ ಅಲ್ಲಿ ಈ ಹುಳುಗಳು ಗುಂಪುಗುಂಪಾಗಿ ಬಂದಿಳಿಯುವುದನ್ನು ಗಮನಿಸಿದರು. ಕೊಡತಿ ಹುಳುವಿನ ಮರಿ ಬೆಳೆಯಲು ಸಿಹಿನೀರು ಬೇಕು. ಹವಳದ ಆ ದ್ವೀಪಗಳ ಮೇಲೆ ನಿಂತ ಸಿಹಿನೀರು ಇಲ್ಲವೆನ್ನುವಷ್ಟು ಕಡಮೆ. ಹಾಗಾದರೆ ಇವು ಹುಟ್ಟಿದ್ದೆಲ್ಲಿ? 2009ರಲ್ಲಿ ಅವರು ಪ್ರಕಟಿಸಿದ ವಿಚಾರದಂತೆ ಇವು ಭಾರತದಿಂದ ಹೊರಟು, ಶರತ್ಕಾಲದ ಮೇಲುಗಾಳಿಯನ್ನೇರಿ, ಮಾಲ್ದೀವ್ಸ್ ಸೆಶೆಲ್ಸ್‌ಗಳನ್ನು ಹಾಯ್ದು ಪೂರ್ವ ಆಫ್ರಿಕವನ್ನು ಸೇರುತ್ತವೆ. ಅವುಗಳ ಸಂತತಿ ಮುಂಗಾರಿನ ಗಾಳಿಯೊಡನೆ ಇತ್ತ ಮರಳುತ್ತದೆ. ಸುತ್ತಿನ ಹಾದಿ 14,000ದಿಂದ 18,000 ಕಿಲೋಮೀಟರುಗಳಷ್ಟು. ಒಂದೇ ಹುಳು ಇಷ್ಟನ್ನೂ ಹಾರುವುದಿಲ್ಲ. ನಾಲ್ಕು ತಲೆಮಾರುಗಳು ಸೇರಿ ಈ ಪ್ರದಕ್ಷಿಣೆಯನ್ನು ಮುಗಿಸುತ್ತವೆ.

ಇದನ್ನು ಕೇಳಿದ ಮಕ್ಕಳು ಆ ಸಂಜೆ ಕೊಡತಿ ಹುಳುವಿನ ಬಾಲಕ್ಕೆ ದಾರ ಕಟ್ಟುವ ಆಟವನ್ನು ಬಿಟ್ಟರೆಂದು ಹೇಳಿದರೆ ನೀವು ನಂಬಲಾರಿರಿ, ಬಿಡಲಿಲ್ಲ. ಆದರೆ ಒಬ್ಬಳು ಮಾತ್ರ ದಾರ ಬಿಚ್ಚಿ, "ಆಫ್ರಿಕಕ್ಕ ಹೋಗೂದೈತಿ, ಬಿಡ್ರೋ" ಎಂದಳು. ಅಂದಿನ ಹತ್ತಿರದ ಸುದ್ದಿಯಲ್ಲಿ ಹೀಗೆ ಬರೆದಿತ್ತು: "ಕೆರೆಯ ದಂಡೆಯಲ್ಲಿ ವಿಮಾನದ ಹುಳ ಬಹಳ ಹಾರಿದವು. ಗಾಳಿ ಮೂಡಲಿಂದ. ಒಂದನ್ನು ಬಿಟ್ಟುಕೊಟ್ಟೆವು."

ಎರಡನೆಯದಕ್ಕೆ ಉದಾಹರಣೆ ಆ ಹುಡುಗನ ಗೋವಿನಜೋಳದ ಹುಳುವೇ. 2020ರ ಮೇ ತಿಂಗಳಲ್ಲಿ ಮಿಡತೆಗಳ ದಂಡು ರಾಜಸ್ಥಾನವನ್ನು ದಾಟಿ ಮಧ್ಯಪ್ರದೇಶಕ್ಕೂ ನಮ್ಮ ರಾಜ್ಯದ ವಿದರ್ಭಕ್ಕೂ ಬಂದಾಗ ಪತ್ರಿಕೆಗಳ ಮುಖಪುಟಗಳು ಅದರಿಂದಲೇ ತುಂಬಿದ್ದವು. ಮಿಡತೆ ನಮ್ಮ ಕಡೆಗೆ ಬರಲಿಲ್ಲ. ಆದರೆ ಅದಕ್ಕೂ ಮುಂಚೆಯೇ ದಂಡು ಕಟ್ಟದೆ, ಸದ್ದು ಮಾಡದೆ, ರಾತ್ರಿಯ ಹೊತ್ತಿನಲ್ಲಿ ಒಂದು ಬೂದುಬಣ್ಣದ ಪತಂಗ ಬಂದು ನಮ್ಮ ಬೆಳೆಗಳಲ್ಲಿ ಮೊಟ್ಟೆಯಿಟ್ಟುಹೋಗಿತ್ತು. ಅದರ ಮರಿಗೆ ಕನ್ನಡದಲ್ಲಿ ಸೈನಿಕ ಹುಳುವೆಂದೂ ಮರಾಠಿಯಲ್ಲಿ ಲಷ್ಕರಿ ಅಳಿಯೆಂದೂ ಹೆಸರು. ಇಂಗ್ಲಿಷಿನಲ್ಲಿ ಇದರ ಹೆಸರಿನ ಹಿಂದೆ "ಫಾಲ್" ಎಂಬ ಮಾತಿದೆ. ಅಮೆರಿಕದವರ ಮಾತಿನಲ್ಲಿ ಫಾಲ್ ಎಂದರೆ ಶರತ್ಕಾಲ. ಈ ಹುಳುವಿನ ತೌರು ಅಮೆರಿಕ ಖಂಡ. ಅಲ್ಲಿಯ ಉತ್ತರದ ಚಳಿಯಲ್ಲಿ ಅದು ಬದುಕಲಾರದು. ಪ್ರತಿವರ್ಷ ಬೆಚ್ಚನೆಯ ದಕ್ಷಿಣದಿಂದ ಹಾರುತ್ತ ಹಾರುತ್ತ ಬಂದು ಬೇಸಗೆಯ ಕೊನೆಗೆ, ಶರತ್ತಿನ ಹೊತ್ತಿಗೆ, ಉತ್ತರದ ಹೊಲಗಳನ್ನು ಮುತ್ತುತ್ತದೆ. ಅದರಿಂದ ಅದಕ್ಕೆ ಆ ಹೆಸರು. 2016ರಲ್ಲಿ ಅದು ಆಫ್ರಿಕದಲ್ಲಿ ಕಾಣಿಸಿಕೊಂಡಿತು. 2018ರ ಮೇ ತಿಂಗಳಲ್ಲಿ ಭಾರತದಲ್ಲಿ ಮೊತ್ತಮೊದಲು ಶಿವಮೊಗ್ಗದಲ್ಲಿ ಅದನ್ನು ಗುರುತಿಸಿದರು. ಅದೇ ವರ್ಷ ಆಂಧ್ರ, ತಮಿಳುನಾಡು, ಮಹಾರಾಷ್ಟ್ರಗಳಿಗೂ ಹಬ್ಬಿತು. ಒಂದು ರಾತ್ರಿಗೆ ನೂರು ಕಿಲೋಮೀಟರು ಹಾರಬಲ್ಲ ಪತಂಗಕ್ಕೆ ರಾಜ್ಯದ ಗಡಿಗಳು ಎಷ್ಟರವು?

ನಮ್ಮ ಮಕ್ಕಳು ಈಗ ಈ ಹುಳುವನ್ನು ತಪ್ಪದೆ ಗುರುತಿಸುತ್ತಾರೆ. ತಲೆಯ ಮೇಲೆ ತಲೆಕೆಳಗಾದ ಕವಣೆಯಂಥ ಬಿಳಿಯ ಗುರುತು. ಬಾಲದ ಹತ್ತಿರ ಚೌಕಾಕಾರವಾಗಿ ಇಟ್ಟ ನಾಲ್ಕು ಕಪ್ಪು ಚುಕ್ಕೆ. ಬಿಳಿಜೋಳದ ಸಸಿಯ ಸುಳಿ ಒಣಗಿದರೆ ಅದು ಸೈನಿಕ ಹುಳುವಿನ ಕೆಲಸವಲ್ಲ, ಸುಳಿನೊಣದ್ದು ಎಂಬುದನ್ನೂ ಅವರು ಬಲ್ಲರು. ಆ ಸಣ್ಣ ನೊಣವು ಎಳೆಯ ಎಲೆಯ ತಳದಲ್ಲಿ ಬಿಳಿಯ ಮೊಟ್ಟೆಯಿಡುತ್ತದೆ. ಮರಿ ಸುಳಿಯೊಳಗೆ ಇಳಿದು ಮೊಳಕೆಯ ಕುಡಿಯನ್ನೇ ಕತ್ತರಿಸುತ್ತದೆ. ಹಿಂಗಾರಿಯನ್ನು ಆತುರದಿಂದ ಬೇಗ ಬಿತ್ತಿದರೆ ಇದರ ಕಾಟ ಹೆಚ್ಚು. ಮುಗಿಲನ್ನು ನೋಡಿ ಕೂರಿಗೆ ಹೂಡುವವನು ಹೀಗೆ ಒಂದು ನೊಣದ ಪಂಚಾಂಗವನ್ನೂ ನೋಡಬೇಕಾಗುತ್ತದೆ.

ಗೋವಿನಜೋಳದ ಹುಳುವಿನ ಸುದ್ದಿ ತಂದ ಹುಡುಗನ ವಿಷಯವನ್ನು ಇನ್ನಷ್ಟು ಹೇಳಬೇಕಾಗಿದೆ. ಅವನ ಮನೆಗೆ ಕೃಷಿ ಇಲಾಖೆಯ ಮರಾಠಿ ಪತ್ರಕವೊಂದು ಬಂದಿತ್ತು. ತಂದೆ ಊರಿನಲ್ಲಿರಲಿಲ್ಲ, ದ್ರಾಕ್ಷಿಯ ತೋಟಗಳ ಕೆಲಸಕ್ಕೆ ಹೋಗಿದ್ದನು. ಮನೆಯಲ್ಲಿ ಹೊಲ ನೋಡಿಕೊಳ್ಳುತ್ತಿದ್ದವಳು ಆಯಿ. ಅವಳಿಗೆ ಕನ್ನಡವಲ್ಲದೆ ಬೇರೆ ಮಾತು ಬಾರದು. ನಮ್ಮ ಶಾಲೆಯಲ್ಲಿ ಮರಾಠಿಯನ್ನೂ ಒಂದು ವಿಷಯವಾಗಿ ಕಲಿಸುವುದರಿಂದ ಹುಡುಗನು ಪತ್ರಕವನ್ನು ಓದಿ ಓದಿ ಕನ್ನಡದಲ್ಲಿ ಹೇಳಿದನು. ಬಿತ್ತಿದ ಮೂವತ್ತು ದಿನದೊಳಗೆ ಒಂಬತ್ತು ಪಾಲು ಮರಳಿಗೆ ಒಂದು ಪಾಲು ಸುಣ್ಣ ಬೆರೆಸಿ ಸುಳಿಯಲ್ಲಿ ಉದುರಿಸುವುದು, ಮೊಟ್ಟೆಯ ಗುಂಪುಗಳನ್ನು ಕೈಯಿಂದ ಹಿಸುಕುವುದು, ಹಕ್ಕಿಗಳು ಕುಳಿತು ಹುಳು ತಿನ್ನುವಂತೆ ಎಕರೆಗೆ ಹತ್ತು ಕೋಲುಗಳನ್ನು ನೆಡುವುದು. ಆಯಿ ಎಲ್ಲವನ್ನೂ ಕೇಳಿ, "ಒಲಿ ಬೂದಿ ಹಾಕೂದು ನಮಗ ಗೊತ್ತಿದ್ದದ್ದ. ಹಕ್ಕೀಗಿ ಕೂಡಾಕ ಕೋಲು ಈಗ ನೆಡಂತಾರ. ಚರಗ ಚೆಲ್ಲೂದು ಮತ್ಯಾಕಂತ ತಿಳದಾರ?" ಎಂದಳಂತೆ. ಶೀಗಿಹುಣ್ಣಿವೆಯ ದಿನ ಭೂಮಿತಾಯಿಗೆ ಬಯಕೆಯ ಅಡಿಗೆ ಮಾಡಿ ಹೊಲದ ತುಂಬ ಚರಗ ಚೆಲ್ಲುವುದನ್ನು ನಾವು ಹಬ್ಬವೆಂದಷ್ಟೇ ಬಲ್ಲೆವು. ಚೆಲ್ಲಿದ ಅನ್ನಕ್ಕೆ ಬಂದ ಹಕ್ಕಿ ಹುಳುವನ್ನೂ ಹೆಕ್ಕಿಕೊಂಡು ಹೋಗುತ್ತದೆಂಬ ವಿವೇಕ ಆ ತಾಯಿಯ ಬಾಯಲ್ಲಿ ಉಳಿದಿತ್ತು. ಹುಡುಗನು ಎರಡನ್ನೂ ಮರುದಿನ ಹಲಗೆಯ ಮೇಲೆ ಬರೆದನು. ಪತ್ರಕದ ಮಾತು ಎಡಕ್ಕೆ, ಆಯಿಯ ಮಾತು ಬಲಕ್ಕೆ.

ಅದೇ ದೀಪಾವಳಿಗೆ ಊರಿಗೆ ಬಂದ ಅವನ ತಂದೆ ಶಾಲೆಗೆ ಬಂದು, "ಗುರೂಜಿ, ಹುಡುಗನ್ನ ಬರೂ ವರ್ಷ ಮರಾಠಿ ಸಾಳಿಗಿ ಹಾಕಬೇಕಂತ ಮಾಡೇನ್ರಿ. ಸಿಟ್ಟಾಗಬ್ಯಾಡ್ರಿ. ಕನ್ನಡ ಕಲ್ತು ಮುಂದ ಹೊಟ್ಟಿ ತುಂಬೂದೈತೇನ್ರಿ?" ಎಂದು ಕೇಳಿದನು. ಗಡಿಯ ಕನ್ನಡ ಶಾಲೆಗಳಲ್ಲಿ ಕೆಲಸ ಮಾಡುವ ಶಿಕ್ಷಕ ಬಂಧುಗಳಿಗೆ ಈ ಪ್ರಶ್ನೆ ಹೊಸದಲ್ಲ. ನಾನು ಅವನಿಗೆ ಭಾಷಾಭಿಮಾನದ ಭಾಷಣವನ್ನು ಮಾಡಲಿಲ್ಲ. ಕಚೇರಿಯ ಕಾಗದ, ನ್ಯಾಯಾಲಯದ ಕಾಗದ, ಆಸ್ಪತ್ರೆಯ ಚೀಟಿ ಎಲ್ಲವೂ ಮರಾಠಿಯಲ್ಲಿರುವ ಕಡೆ ಮಗನಿಗೆ ಮರಾಠಿ ಬೇಕೆನ್ನುವ ತಂದೆಯ ಮಾತನ್ನು ಅಲ್ಲಗಳೆಯುವುದೆಂತು? ಆ ಪತ್ರಕವನ್ನೇ ಹುಡುಗ ಕನ್ನಡ ಶಾಲೆಯಲ್ಲಿದ್ದುಕೊಂಡೇ ಓದಿದನೆಂದೂ, ಆಯಿ ಹೇಳಿದುದನ್ನು ಬರೆದಿಟ್ಟನೆಂದೂ ಹೇಳಿ, ಹಲಗೆಯನ್ನು ತೋರಿಸಿದೆ. ಅವನು ಬಹಳ ಹೊತ್ತು ನಿಂತು ಓದಿದನು. "ನಮ್ಮವ್ವನ ಮಾತ ಐತ್ರಿ ಇದು" ಎಂದು ನಕ್ಕನು. ಆದರೂ ಮುಂದಿನ ಜೂನಿನಲ್ಲಿ ಹುಡುಗ ಮರಾಠಿ ಶಾಲೆಗೆ ಹೋದನು. ನಮ್ಮ ಪಟದಲ್ಲಿ ಒಂದು ಹೆಸರು ಕಡಮೆಯಾಯಿತು. ಹೆಸರುಗಳು ಕಡಮೆಯಾಗುತ್ತ ಹೋದರೆ ಶಿಕ್ಷಕರ ಸ್ಥಾನಗಳೂ ಕಡಮೆಯಾಗುತ್ತವೆ. ಮುಂದಿನದನ್ನು ನಾನು ಬಿಡಿಸಿ ಹೇಳಬೇಕಾದುದಿಲ್ಲ.

ಪತ್ರಿಕೆಯ ಸುದ್ದಿಯೇ ನಮ್ಮನ್ನು ಹುಡುಕಿಕೊಂಡು ಬಂದ ಶರತ್ತೂ ಒಂದುಂಟು. 2022ರ ನವೆಂಬರಿನಲ್ಲಿ ಕರ್ನಾಟಕದ ಅಂದಿನ ಮುಖ್ಯಮಂತ್ರಿಗಳಾದ ಬಸವರಾಜ ಬೊಮ್ಮಾಯಿಯವರು ಜತ್ತ ತಾಲೂಕಿನ ನಲವತ್ತು ಹಳ್ಳಿಗಳ ಮಾತನ್ನು ಎತ್ತಿದರು. ನೀರಿನ ಬವಣೆಯಿಂದ ಬೇಸತ್ತ ಆ ಹಳ್ಳಿಗಳು ಹಿಂದೆ ಕರ್ನಾಟಕವನ್ನು ಸೇರುವ ಠರಾವು ಮಾಡಿದ್ದವೆಂಬುದು ಆ ಮಾತು. ಒಂದು ಹಳ್ಳಿಯೂ ಎಲ್ಲಿಗೂ ಹೋಗದೆಂದು ಮಹಾರಾಷ್ಟ್ರದ ಅಂದಿನ ಉಪಮುಖ್ಯಮಂತ್ರಿಗಳಾದ ದೇವೇಂದ್ರ ಫಡಣವೀಸರು ಉತ್ತರವಿತ್ತರು. ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ನಮ್ಮ ಸುತ್ತಿನ ಹಳ್ಳಿಗಳ ಹೆಸರುಗಳು ಕಂಡವು. ಕ್ಯಾಮರಾ ಹೊತ್ತವರು ಬಂದರು. ಕರ್ನಾಟಕದ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಗಡಿ ದಾಟಿ ತಿಕ್ಕೊಂಡಿಯ ಕಡೆಗೆ ಹರಿದುಬಂದುದೂ ಅದೇ ದಿನಗಳಲ್ಲಿ ಸುದ್ದಿಯಾಯಿತು. ಮ್ಹೈಸಾಳದಲ್ಲಿ ಕೃಷ್ಣೆಯಿಂದ ಎತ್ತಿದ ನೀರು ನಮ್ಮ ಮೂಡಣ ಅಂಚಿಗೆ ಎಂದು ಮುಟ್ಟುವುದೆಂಬ ಹಳೆಯ ಪ್ರಶ್ನೆಯೂ ಮತ್ತೆ ಎದ್ದಿತು.

ಆ ವಾರದ ಪರಿಪಾಠದಲ್ಲಿ ದೂರದ ಸುದ್ದಿಯನ್ನು ಓದುತ್ತಿದ್ದ ಹುಡುಗಿ ತನ್ನ ಸುತ್ತಿನ ಹಳ್ಳಿಗಳ ಹೆಸರು ಬಂದಾಗ ತಡವರಿಸಿ ನಿಂತಳು. "ಗುರೂಜಿ, ಇದನ್ನ ಯಾ ಕಡಿ ಬರೀಲ್ರಿ?" ಎಂದು ಕೇಳಿದಳು. ಇನ್ನೊಬ್ಬನು, "ನಾವು ಯಾ ಕಡಿ ಹೋಗೂದ್ರಿ?" ಎಂದನು. ನಾನು ಅವರಿಗೆ ಊರಿನ ಚರಿತ್ರೆಯನ್ನು ಹೇಳಿದೆ. ಜತ್ತ ಒಂದು ಸಂಸ್ಥಾನವಾಗಿತ್ತು. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1949ರಲ್ಲಿ ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತು. 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯವಾಯಿತು. ಆ ವರ್ಷವೇ ಜಿಲ್ಲೆಗೆ ಸಾಂಗಲಿ ಎಂಬ ಹೆಸರು ಬಂತು. ನಿಮ್ಮ ಮುತ್ಯಾಗಳು ಒಂದೇ ಮನೆಯ ಒಂದೇ ಜಗಲಿಯ ಮೇಲೆ ಕುಳಿತು ಇಷ್ಟನ್ನೂ ಕಂಡರು. ಹೊಲ ಎದ್ದು ಎಲ್ಲಿಗೂ ಹೋಗಲಿಲ್ಲ ಎಂದೆ. ಅವರಿಗೆ ಎಷ್ಟು ಅರ್ಥವಾಯಿತೋ ತಿಳಿಯದು. ಆ ಹುಡುಗಿ ಹಳ್ಳಿಗಳ ಸುದ್ದಿಯನ್ನು ನಡುವಿನ ಗೆರೆಯ ಮೇಲೆಯೇ, ಎರಡೂ ಕಡೆಗೆ ಚಾಚುವಂತೆ ಬರೆದಳು. ಅದರ ಕೆಳಗೆ ಬಲಕ್ಕೆ, "ನಮ್ಮ ಬಾವಿಯ ನೀರು ಎಂಟು ಮೆಟ್ಟಿಲು ಕೆಳಗೆ ಇಳಿದಿದೆ" ಎಂದು ಬರೆದಳು. ಎಲ್ಲ ಪತ್ರಿಕೆಗಳ ಎಲ್ಲ ಲೇಖನಗಳ ಮೂಲ ಆ ಒಂದು ಸಾಲಿನಲ್ಲಿದೆಯೆಂದು ನನಗೆ ತೋರಿತು.

ಭಾಷೆ ಉಳಿಯುವುದು ಹೇಗೆಂಬ ಚರ್ಚೆ ನಮ್ಮ ಸಂಘದ ಸಭೆಗಳಲ್ಲಿ ಪ್ರತಿ ನವೆಂಬರಿನಲ್ಲಿಯೂ ನಡೆಯುತ್ತದೆ. ಮೆರವಣಿಗೆಯೂ ಬೇಕು, ಮನವಿಪತ್ರವೂ ಬೇಕು. ಕನ್ನಡ ಪಠ್ಯಪುಸ್ತಕ ಸಕಾಲಕ್ಕೆ ಬರಬೇಕು, ಖಾಲಿ ಜಾಗಕ್ಕೆ ಕನ್ನಡ ಶಿಕ್ಷಕರು ಬರಬೇಕು. ಇವನ್ನು ನಾನು ಕಡೆಗಣಿಸುವವನಲ್ಲ. ಆದರೆ ಮಾತೆಂಬುದು ದಿನದಿನದ ಸಂಗತಿಯನ್ನು ಹೇಳುವುದಕ್ಕೆ ಬಳಕೆಯಾಗುತ್ತಿರುವವರೆಗೆ ಮಾತ್ರ ಬಾಳುತ್ತದೆಂಬುದನ್ನು ಆ ಹಲಗೆ ನನಗೆ ತೋರಿಸಿಕೊಟ್ಟಿದೆ. ಹಬ್ಬದ ದಿನ ಹಾಡುವುದಕ್ಕೆ ಮಾತ್ರ ಕನ್ನಡವಾಗಿ, ಹುಳು ಬಿದ್ದುದನ್ನೂ ಮಳೆ ತಪ್ಪಿದುದನ್ನೂ ಬಾವಿ ಬತ್ತಿದುದನ್ನೂ ಬೇರೆ ಮಾತಿನಲ್ಲಿ ಹೇಳತೊಡಗಿದ ದಿನ ಕನ್ನಡ ನಮ್ಮ ಊರಿನಿಂದ ಹೊರಟುಹೋಯಿತೆಂದೇ ತಿಳಿಯಬೇಕು. ಉತ್ತರೆ, ಹಸ್ತ, ಚಿತ್ತೆಗಳ ಲೆಕ್ಕವೂ ಹದ, ಹಸಿ, ಹರಗುವುದೆಂಬ ಮಾತುಗಳೂ ಚರಗದ ಹಿಂದಿನ ವಿವೇಕವೂ ಒಟ್ಟಾಗಿಯೇ ಹೋಗುತ್ತವೆ. ಅವನ್ನು ಹಿಂದಕ್ಕೆ ಕರೆಯಬಲ್ಲ ಠರಾವು ಯಾವ ಪಂಚಾಯತಿಯಲ್ಲಿಯೂ ಇಲ್ಲ.

ಕಾರ್ತಿಕದ ಇರುಳುಗಳಲ್ಲಿ ಈಗ ಜೀರುಂಡೆಗಳ ದನಿ ನಿಧಾನವಾಗುತ್ತಿದೆ. ಅವು ರೆಕ್ಕೆಗೆ ರೆಕ್ಕೆ ಉಜ್ಜಿ ಸದ್ದು ಮಾಡುತ್ತವೆ. ಮೈಯ ಬಿಸಿ ಗಾಳಿಯ ಬಿಸಿಯನ್ನು ಅನುಸರಿಸುವುದರಿಂದ ಚಳಿ ಏರಿದಂತೆ ಉಜ್ಜುವ ವೇಗ ಇಳಿಯುತ್ತದೆ. ಅಮೆರಿಕದ ಪ್ರಾಧ್ಯಾಪಕ ಏಮಸ್ ಡಾಲ್ಬೇರ್ ಎಂಬವರು 1897ರಲ್ಲಿ ಜೀರುಂಡೆಯ ದನಿಯನ್ನೆಣಿಸಿ ಗಾಳಿಯ ಉಷ್ಣತೆಯನ್ನು ಹೇಳುವ ಸೂತ್ರವನ್ನು ಬರೆದರು. ಅವರ ಸೂತ್ರ ಅವರ ನಾಡ ಜೀರುಂಡೆಗೆ ಹೊಂದುವಂಥದು; ನಮ್ಮ ಜೀರುಂಡೆಯ ಸೂತ್ರವನ್ನು ನಾವೇ ಬರೆದುಕೊಳ್ಳಬೇಕು. ಏಳನೆಯ ಇಯತ್ತೆಯ ನಾಲ್ವರು ಮಕ್ಕಳು ಗಡಿಯಾರ ಹಿಡಿದು ರಾತ್ರಿ ಎಂಟು ಗಂಟೆಗೆ ಒಂದು ನಿಮಿಷದ ದನಿಗಳನ್ನು ಎಣಿಸುತ್ತಿದ್ದಾರೆ. ಶಾಲೆಯ ಉಷ್ಣತಾಮಾಪಕವನ್ನು ಸರದಿಯಂತೆ ಮನೆಗೆ ಒಯ್ಯುತ್ತಾರೆ. ಎಳ್ಳಮಾವಾಸ್ಯೆಯ ಹೊತ್ತಿಗೆ ಎರಡು ತಿಂಗಳ ಎಣಿಕೆ ಕೂಡುತ್ತದೆ.

ಅಕ್ಕಲಕೋಟೆ, ಸೋಲಾಪುರ, ಮಡಕಶಿರಾ, ರಾಯದುರ್ಗ, ತಾಳವಾಡಿ, ಕಾಸರಗೋಡುಗಳ ಶಿಕ್ಷಕ ಮಿತ್ರರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಶಾಲೆಯ ಹೊರಗೋಡೆಯಲ್ಲಿ ಒಂದು ಗಜದಷ್ಟು ಜಾಗಕ್ಕೆ ಕರಿಬಣ್ಣ ಬಳಿಯಿರಿ. ಮಕ್ಕಳು ಬರೆದುದರಲ್ಲಿ ತಿಂಗಳಿಗೊಂದು ಪುಟವನ್ನು ಈ ಪತ್ರಿಕೆಗೆ ಕಳುಹಿಸಿಕೊಡಿ. ನಿಮ್ಮಲ್ಲಿ ಕೊಡತಿ ಹುಳುವನ್ನು ಏನೆಂದು ಕರೆಯುತ್ತಾರೆ, ಯಾವ ದಿನ ಕಂಡಿತು, ಹಿಂಗಾರು ಯಾವ ದಿಕ್ಕಿನಿಂದ ಬಂತು, ಜೀರುಂಡೆ ನಿಮಿಷಕ್ಕೆ ಎಷ್ಟು ಬಾರಿ ಕೂಗಿತು ಎಂಬಿಷ್ಟೇ ಸಾಕು. ಕಂಡವರ ಇಯತ್ತೆ, ಕಂಡ ಸ್ಥಳ, ಕಂಡ ದಿನ ತಪ್ಪದೆ ಇರಲಿ. ಮರಾಠಿ ಶಾಲೆಗೆ ಹೋದ ನಮ್ಮ ಹುಡುಗನು ಈಗಲೂ ಸಂಜೆ ಬಸ್ಸಿಳಿದು ಬರುವಾಗ ನಮ್ಮ ಹಲಗೆಯ ಮುಂದೆ ನಿಂತು ಓದಿಕೊಂಡು ಹೋಗುತ್ತಾನೆ. ಒಮ್ಮೊಮ್ಮೆ ಸೀಮೆಸುಣ್ಣದ ತುಂಡು ಕೇಳಿ ಪಡೆದು ಬಲಬದಿಯ ಕೊನೆಗೆ ತನ್ನದೊಂದು ಸಾಲನ್ನು ಬರೆಯುವುದೂ ಉಂಟು.